ಉಸಿರು ಕಟ್ಟಿದ ಡ್ರೈಯರ್

ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿದರೆ ಒಗೆದ ಪಂಚೆ ಮೂರು ದಿನವಾದರೂ ಒಣಗುವುದಿಲ್ಲ. ಒಣಗಿತೆಂದು ಮಡಚಿಟ್ಟರೂ ಮುಗ್ಗಲು ವಾಸನೆ ಬಿಡುವುದಿಲ್ಲ. ಅದಕ್ಕೇ ಬಾಣಂತಿ ಇದ್ದ ಮನೆಗಳಲ್ಲಿ ಅಗ್ಗಿಷ್ಟಿಕೆಯ ಮೇಲೆ ಬಿದಿರಿನ ಬುಟ್ಟಿ ಕವುಚಿ, ಅದರ ಮೇಲೆ ಮಗುವಿನ ಬಟ್ಟೆ ಹರಡುತ್ತಿದ್ದರು. 1800ರ ಸುಮಾರಿಗೆ ಫ್ರಾನ್ಸಿನ ಪೋಷಾನ್ ಎಂಬಾತ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ: ತೂತುಗಳಿರುವ ಡ್ರಮ್ಮಿಗೆ ಬಟ್ಟೆ ತುಂಬಿ, ಬೆಂಕಿಯ ಮೇಲೆ ಹಿಡಿದು, ಕೈಯಲ್ಲಿ ತಿರುಗಿಸುವುದು. ಇಂದಿನ ವಿದ್ಯುತ್ ಡ್ರೈಯರ್ ಆ ಡ್ರಮ್ಮಿನ ಸಂತತಿ. ಹೊಸದಾಗಿ ಸೇರಿದ್ದೆಂದರೆ ಮುಖ್ಯವಾಗಿ ಒಂದು ಫ್ಯಾನು. ಡ್ರೈಯರಿನ ಬಹುಪಾಲು ಕಾಯಿಲೆಗಳ ಮೂಲವೂ ಆ ಫ್ಯಾನು ಓಡಾಡಿಸುವ ಗಾಳಿಯಲ್ಲೇ ಇದೆ.

ಮೊದಲು ಒಂದು ಗೊಂದಲ ಬಿಡಿಸಿಬಿಡಬೇಕು. ನಮ್ಮ ಕಡೆ ‘ಡ್ರೈಯರ್ ಕೆಟ್ಟಿದೆ’ ಎಂದು ಯಾರಾದರೂ ಹೇಳಿದರೆ, ಹತ್ತರಲ್ಲಿ ಒಂಬತ್ತು ಸಲ ಅದು ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮಷೀನಿನ ಪಕ್ಕದ ಸಣ್ಣ ತೊಟ್ಟಿ. ಅದು ಬಟ್ಟೆಯನ್ನು ಒಣಗಿಸುವುದಿಲ್ಲ, ಗಿರಗಿರನೆ ಸುತ್ತಿಸಿ ಹಿಂಡುತ್ತದೆ, ಅಷ್ಟೆ. ಅದು ದಡದಡ ಕುಣಿದರೆ ಬಟ್ಟೆ ಒಂದೇ ಬದಿಗೆ ಕೂತಿದೆ ಎಂದರ್ಥ. ತೆಗೆದು ಸಮನಾಗಿ ತುಂಬಿ, ಒಳಮುಚ್ಚಳ ಒತ್ತಿದರೆ ಸಾಕು. ಸದ್ದೇ ಇಲ್ಲದೆ ನಿಂತಿದ್ದರೆ ಮುಚ್ಚಳದ ಸ್ವಿಚ್ ನೋಡಬೇಕು. ಮೋಟಾರು ಗುಂಯ್ ಎನ್ನುತ್ತಲೇ ಇದ್ದು ತೊಟ್ಟಿ ತಿರುಗದಿದ್ದರೆ ಹಲವು ಸಲ ಕೆಪಾಸಿಟರ್ ಹೋಗಿರುತ್ತದೆ. ತಳದಲ್ಲಿ ಇಲಿ ವೈರು ಕಡಿದಿರುವುದೂ ಉಂಟು.

ಈಗ ಬಿಸಿಗಾಳಿಯ ಡ್ರೈಯರಿಗೆ ಬರೋಣ. ಅಮೆರಿಕದ ಮನೆಗಳಲ್ಲಿ ಇದು ಮಾಮೂಲು ಸಾಮಾನು. ಅಲ್ಲಿ ನೆಲೆಸಿರುವ ಕನ್ನಡದವರು ಊರಿಗೆ ಬಂದಾಗ ಮೊದಲು ನೆನೆಸಿಕೊಳ್ಳುವುದೂ ಇದನ್ನೇ ಇರಬಹುದು. ಯಂತ್ರ ಕೋಣೆಯ ಗಾಳಿಯನ್ನು ಎಳೆದುಕೊಂಡು, ಕಾಯಿಸಿ, ಡ್ರಮ್ಮಿನಲ್ಲಿ ಉರುಳಾಡುವ ಬಟ್ಟೆಯ ನಡುವೆ ಹಾಯಿಸುತ್ತದೆ. ತೇವ ಹೀರಿದ ಆ ಗಾಳಿ ಒಂದು ಜಾಲರಿ ದಾಟಿ, ಕೊಳವೆ ಹಿಡಿದು, ಗೋಡೆಯಾಚೆ ಹೋಗುತ್ತದೆ. ಬಟ್ಟೆಯಿಂದ ಉದುರುವ ನವಿರಾದ ನೂಲುಧೂಳು, ಅಂದರೆ ಲಿಂಟ್, ಬಹುಮಟ್ಟಿಗೆ ಜಾಲರಿಯಲ್ಲಿ ನಿಲ್ಲುತ್ತದೆ. ಎಲ್ಲವೂ ನಿಲ್ಲುವುದಿಲ್ಲ. ತಾಪತ್ರಯ ಶುರುವಾಗುವುದು ಅಲ್ಲಿಂದ.

‘ಮೊದಲು ಮುಕ್ಕಾಲು ಗಂಟೆಗೆ ಒಣಗುತ್ತಿತ್ತು, ಈಗ ಎರಡು ಗಂಟೆ ಬೇಕು.’ ಎಲ್ಲರೂ ಹೇಳುವ ದೂರು ಇದು. ಹೀಟರ್ ಸೋತಿದೆ ಎಂದು ಜನ ಅಂದುಕೊಳ್ಳುತ್ತಾರೆ. ಆದರೆ ಡ್ರೈಯರ್ ಓಡುತ್ತಿರುವಾಗ ಮನೆಯ ಹೊರಗೆ ಹೋಗಿ, ಕೊಳವೆಯ ಬಾಯಿಗೆ ಅಂಗೈ ಒಡ್ಡಿ ನೋಡಬೇಕು. ಗಾಳಿ ರಭಸದಿಂದ ಬರದಿದ್ದರೆ ರೋಗ ಕೊಳವೆಯಲ್ಲಿದೆ. ಒಳಗೆ ಲಿಂಟ್ ಹೆಪ್ಪುಗಟ್ಟಿರಬಹುದು, ಯಂತ್ರವನ್ನು ಗೋಡೆಗೆ ಒತ್ತಿದ್ದರಿಂದ ಕೊಳವೆ ಚಪ್ಪಟೆಯಾಗಿರಬಹುದು, ಹೊರಗಿನ ರೆಕ್ಕೆಮುಚ್ಚಳ ತೆರೆಯದೆ ಕಚ್ಚಿಕೊಂಡಿರಬಹುದು, ಹಕ್ಕಿ ಗೂಡು ಕಟ್ಟಿರಲೂಬಹುದು. ಅಮೆರಿಕದಲ್ಲಿ ಬಹುತೇಕ ಕಡೆ ಅನುಸರಿಸುವ ಮನೆ ಕಟ್ಟುವ ನಿಯಮದಂತೆ ಈ ಕೊಳವೆಯ ಉದ್ದ 35 ಅಡಿ ಮೀರಬಾರದು. ಪ್ರತಿಯೊಂದು ಮಾಮೂಲಿ ಲಂಬಕೋನದ ತಿರುವಿಗೂ ಅದರಲ್ಲಿ 5 ಅಡಿ ಕಳೆಯಬೇಕು. ಒಂದು ತಿರುವು ಗಾಳಿಯನ್ನು ಎಷ್ಟು ಸುಸ್ತು ಮಾಡುತ್ತದೆ ಎಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ಜಾಲರಿಯ ವಿಷಯದಲ್ಲೂ ಒಂದು ಮೋಸವಿದೆ. ಬಟ್ಟೆಗೆ ಪರಿಮಳ, ಮೃದುತ್ವ ಬರಲೆಂದು ಹಾಕುವ ಸುವಾಸಿತ ಹಾಳೆಗಳು ಜಾಲರಿಯ ಮೇಲೆ ಕಣ್ಣಿಗೆ ಕಾಣದ ಜಿಡ್ಡಿನ ಪೊರೆ ಬಿಡುತ್ತವೆ. ಲಿಂಟ್ ತೆಗೆದಿರುತ್ತೀರಿ, ಜಾಲರಿ ಚೊಕ್ಕವಾಗಿಯೇ ಕಾಣುತ್ತದೆ. ಅದರ ಮೇಲೆ ಸ್ವಲ್ಪ ನೀರು ಸುರಿದು ನೋಡಿ. ಸೋರಿಹೋಗದೆ ಮೇಲೆಯೇ ನಿಂತರೆ ಸೋಪು ಹಚ್ಚಿ, ಮೆದು ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ಒಣಗಿಸಿ ಹಾಕಬೇಕು. ಅದೇ ಜಿಡ್ಡು ಡ್ರಮ್ಮಿನೊಳಗಿನ ತೇವ ಗುರುತಿಸುವ ಎರಡು ಲೋಹದ ಪಟ್ಟಿಗಳ ಮೇಲೂ ಕೂರುತ್ತದೆ. ಆಗ ಯಂತ್ರಕ್ಕೆ ಒದ್ದೆ ಬಟ್ಟೆಯೂ ಒಣಬಟ್ಟೆಯಂತೆ ಕಂಡು, ಅರ್ಧದಲ್ಲೇ ಕೆಲಸ ನಿಲ್ಲಿಸುತ್ತದೆ. ಅಂಥಲ್ಲಿ ಮೆಕ್ಯಾನಿಕ್‌ಗಿಂತ ಮೊದಲು ವಿನೆಗರ್ ಅದ್ದಿದ ಬಟ್ಟೆ ಚೂರು ಬೇಕು.

ಡ್ರಮ್ ತಿರುಗುತ್ತಿದೆ, ಬಿಸಿಯೇ ಇಲ್ಲ ಎನ್ನುವುದು ಬೇರೆಯೇ ಕಥೆ. ಅಮೆರಿಕದ ವಿದ್ಯುತ್ ಡ್ರೈಯರಿಗೆ 120 ವೋಲ್ಟಿನ ಎರಡು ತಂತಿಗಳು ಬರುತ್ತವೆ. ಮೋಟಾರಿಗೆ ಅವುಗಳಲ್ಲಿ ಒಂದು ಸಾಕು, ಹೀಟರಿಗೆ ಎರಡೂ ಸೇರಿದ 240 ವೋಲ್ಟ್ ಬೇಕು. ಬ್ರೇಕರಿನ ಒಂದು ಕಡೆ ಮಾತ್ರ ಟ್ರಿಪ್ ಆದರೆ ಡ್ರಮ್ಮು ಏನೂ ಆಗದಂತೆ ತಿರುಗುತ್ತಲೇ ಇರುತ್ತದೆ, ಬಟ್ಟೆ ಮಾತ್ರ ತಣ್ಣಗಿರುತ್ತದೆ. ಬ್ರೇಕರ್ ಪೂರ್ತಿ ಇಳಿಸಿ ಮತ್ತೆ ಏರಿಸಿದರೆ ಹಲವು ಸಲ ಸರಿಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಥರ್ಮಲ್ ಫ್ಯೂಸ್ ಸುಟ್ಟಿರಬಹುದು. ಅತಿ ಬಿಸಿಯಾದಾಗ ತಾನು ಸತ್ತು ಯಂತ್ರವನ್ನು ಉಳಿಸುವುದೇ ಅದರ ಕೆಲಸ. ಬಿಸಿ ಅತಿಯಾಗಲು ಕಾರಣ ಸಾಮಾನ್ಯವಾಗಿ ಆ ಕಟ್ಟಿದ ಕೊಳವೆಯೇ. ಕೊಳವೆ ಸ್ವಚ್ಛ ಮಾಡದೆ ಫ್ಯೂಸ್ ಮಾತ್ರ ಬದಲಿಸಿದರೆ ಹೊಸದೂ ಸುಡುತ್ತದೆ. ಗ್ಯಾಸಿನ ಡ್ರೈಯರ್ ಆದರೆ ಬಿಚ್ಚುವ ಉಸಾಬರಿಗೇ ಹೋಗಬಾರದು.

ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಗೋಡೆ ಕೊರೆಯುವ ಅನುಕೂಲ ಕಡಿಮೆ. ಅಲ್ಲಿ ಹೆಚ್ಚು ಸರಿಹೋಗುವುದು ಆವಿಯನ್ನು ನೀರಾಗಿಸಿ ತೊಟ್ಟಿಗೆ ತುಂಬಿಕೊಳ್ಳುವ ಡ್ರೈಯರು. ಆ ತೊಟ್ಟಿ ತುಂಬಿದರೆ ಯಂತ್ರ ನಿಲ್ಲುತ್ತದೆ, ಕೆಟ್ಟಿತೆಂದು ಗಾಬರಿ ಬೇಡ. ಹೀಟ್ ಪಂಪ್ ಇರುವಂಥದ್ದರಲ್ಲಿ ಶಾಖವೇ ಕಡಿಮೆ, ಹಾಗಾಗಿ ಬಟ್ಟೆ ಸುಡುಸುಡು ಇಲ್ಲದಿದ್ದರೆ ಅದು ದೋಷವಲ್ಲ. ಇನ್ನು ನಮ್ಮ ಊರುಗಳಿಗೇ ವಿಶೇಷವಾದದ್ದು ವೋಲ್ಟೇಜ್. 230 ಇರಬೇಕಾದ ಕಡೆ 180 ಬಂದರೆ, ಹೀಟರಿನ ಶಾಖ ನೂರಕ್ಕೆ ಅರವತ್ತರಷ್ಟಕ್ಕೆ ಇಳಿಯುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.6 ಯೂನಿಟ್ ಕರೆಂಟಿನಷ್ಟು ಶಾಖ ಬೇಕು. ಹಾಗಾಗಿ ವಾಷಿಂಗ್ ಮಷೀನು ಸರಿಯಾಗಿ ಹಿಂಡದೆ ಕಳಿಸಿದರೆ ಒಣಗುವುದು ತಡವಾಗುತ್ತದೆ, ಬೈಗುಳ ಮಾತ್ರ ಡ್ರೈಯರಿಗೇ ಬೀಳುತ್ತದೆ.

ಸದ್ದುಗಳು ಬೇಗ ಗುರುತಿಗೆ ಸಿಗುತ್ತವೆ. ಕಿರ್ರೆಂದು ಕಿರುಚಿದರೆ ಡ್ರಮ್ಮಿನ ರೋಲರು ಇಲ್ಲವೆ ಬೆಲ್ಟ್ ಬಿಗಿಹಿಡಿಯುವ ಪುಲ್ಲಿ ಸವೆದಿದೆ. ಮೋಟಾರು ಓಡಿ ಡ್ರಮ್ಮು ನಿಂತಿದ್ದರೆ ಬೆಲ್ಟ್ ತುಂಡಾಗಿದೆ. ಟಣಟಣ ಎಂದರೆ ಪ್ಯಾಂಟಿನ ಜೇಬಿನಲ್ಲಿ ನಾಣ್ಯವಿದೆ.

ಲಿಂಟ್ ಕಟ್ಟಿಕೊಳ್ಳುವ ತಾಪತ್ರಯ ಒಣಗದ ಬಟ್ಟೆಗಷ್ಟೇ ನಿಲ್ಲುವುದಿಲ್ಲ. ಅಮೆರಿಕದ ಅಗ್ನಿಶಾಮಕ ಆಡಳಿತದ ಅಂದಾಜಿನಂತೆ ಅಲ್ಲಿ ಡ್ರೈಯರುಗಳಿಂದ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಬೆಂಕಿ ಅನಾಹುತಗಳಾಗುತ್ತವೆ. ಅವಕ್ಕೆ ಮೊದಲ ಕಾರಣ ಸ್ವಚ್ಛ ಮಾಡದಿರುವುದು. 2016ರ ಆಗಸ್ಟ್‌ನಲ್ಲಿ ಪಶ್ಚಿಮ ಲಂಡನ್ನಿನ ಶೆಫರ್ಡ್ಸ್ ಬುಷ್‌ನ ಬಹುಮಹಡಿ ಕಟ್ಟಡವೊಂದರಲ್ಲಿ ಹೊತ್ತಿದ ಬೆಂಕಿಯ ಮೂಲವೂ ಒಂದು ಡ್ರೈಯರೇ. ಅಲ್ಲಿ ತಪ್ಪು ಮನೆಯವರದಲ್ಲ, ಯಂತ್ರದ್ದು. ಆದ್ದರಿಂದ ಡ್ರೈಯರ್ ಇರುವ ಕೇಳುಗರಲ್ಲಿ ಒಂದು ವಿನಂತಿ: ಜಾಲರಿಯನ್ನು ಪ್ರತಿ ಸಲವೂ, ಕೊಳವೆಯನ್ನು ವರ್ಷಕ್ಕೊಮ್ಮೆಯೂ ಸ್ವಚ್ಛ ಮಾಡಿ. ಡ್ರೈಯರ್ ಹಾಕಿ ಮಲಗಬೇಡಿ, ಬೀಗ ಹಾಕಿಕೊಂಡು ಹೊರಗೆ ಹೋಗಲೂಬೇಡಿ.