ದಟ್ಟಣೆ ಶುಲ್ಕ ಮತ್ತು ಪ್ಲಂಬರನ ಬಿಲ್ಲು

ವಾರದ ದಿನಗಳಲ್ಲಿ ಬೆಳಗ್ಗೆ ಏಳರಿಂದ ಸಂಜೆ ಆರರ ನಡುವೆ ಲಂಡನ್ನಿನ ನಡುಭಾಗದಲ್ಲಿ ವಾಹನ ಓಡಿಸಿದರೆ ದಟ್ಟಣೆ ಶುಲ್ಕ ಕಟ್ಟಬೇಕು. 2003ರ ಫೆಬ್ರವರಿಯಲ್ಲಿ ಐದು ಪೌಂಡಿಗೆ ಶುರುವಾದ ಈ ‘ಕಂಜೆಷನ್ ಚಾರ್ಜ್’ 2026ರ ಜನವರಿಯಿಂದ ದಿನಕ್ಕೆ 18 ಪೌಂಡ್ ಆಗಿದೆ. ದೊಡ್ಡ ಕಂಪನಿಗೆ ಇದೊಂದು ಲೆಕ್ಕವೇ ಅಲ್ಲ. ವ್ಯಾನಿನಲ್ಲಿ ಪೈಪು, ಸ್ಪ್ಯಾನರು ಹೇರಿಕೊಂಡು ಮನೆ ಮನೆಗೆ ಹೋಗುವ ಪ್ಲಂಬರನಿಗೆ ಮಾತ್ರ ಬಿಸಿ ತಟ್ಟುತ್ತದೆ. ಅಲ್ಲಿನ ಮಾರಾಟ ತೆರಿಗೆ, ಅಂದರೆ ಶೇಕಡಾ 20ರ ವ್ಯಾಟ್, ಈ ಖರ್ಚಿನ ಮೇಲೆ ಬೀಳುವ ರೀತಿ ವಿಚಿತ್ರವಾಗಿದೆ. ಪ್ಲಂಬರ್ ಶುಲ್ಕ ಕಟ್ಟುವಾಗ ವ್ಯಾಟ್ ಇಲ್ಲ; ಅದೇ ಹಣವನ್ನು ಗಿರಾಕಿಯಿಂದ ವಸೂಲು ಮಾಡುವಾಗ ಇದೆ. ಕೇಳಿದ ಕೂಡಲೇ ಅನ್ಯಾಯ ಅನ್ನಿಸುವ ಈ ಕ್ರಮ ಸರಿಯಾಗಿಯೇ ಇದೆ ಎಂಬುದು ನನ್ನ ವಾದ.

ಮೊದಲ ಅರ್ಧವನ್ನು ನೋಡೋಣ. ಕಾನೂನು ಕೊಟ್ಟ ಅಧಿಕಾರದಿಂದ ಸಾರ್ವಜನಿಕ ಸಂಸ್ಥೆಯೊಂದು ವಸೂಲು ಮಾಡುವ ಹಣ ವ್ಯಾಪಾರವಲ್ಲ, ಹಾಗಾಗಿ ವ್ಯಾಟಿನ ವ್ಯಾಪ್ತಿಗೇ ಬರುವುದಿಲ್ಲ. ಹಣ ಪಡೆಯುವವರು ಯಾರು ಎಂಬುದು ಎಷ್ಟು ಮುಖ್ಯ ಎನ್ನುವುದಕ್ಕೆ ಇಂಗ್ಲೆಂಡ್ ಮತ್ತು ವೇಲ್ಸ್ ನಡುವಿನ ಸೆವರ್ನ್ ಸೇತುವೆಗಳೇ ಸಾಕ್ಷಿ. ಅವು ಖಾಸಗಿ ಕಂಪನಿಯ ಕೈಯಲ್ಲಿದ್ದಾಗ ಟೋಲಿನಲ್ಲಿ ವ್ಯಾಟ್ ಸೇರಿತ್ತು. 2018ರ ಜನವರಿಯಲ್ಲಿ ಸರ್ಕಾರದ ಸ್ವಾಧೀನಕ್ಕೆ ಬಂದದ್ದೇ ತಡ, ವ್ಯಾಟ್ ಕಳಚಿ ಕಾರಿನ ಟೋಲು 6.70 ಪೌಂಡಿನಿಂದ 5.60ಕ್ಕೆ ಇಳಿಯಿತು. ಸೇತುವೆಯೂ ಅದೇ, ನದಿಯೂ ಅದೇ. ಲಂಡನ್ನಿನ ಶುಲ್ಕದಲ್ಲಿ ಇನ್ನೊಂದು ತಮಾಷೆಯಿದೆ. ಇದು ತೆರಿಗೆ, ರಾಜತಾಂತ್ರಿಕರಿಗೆ ತೆರಿಗೆ ಇಲ್ಲ ಎಂದು ಅಮೆರಿಕದ ರಾಯಭಾರ ಕಚೇರಿ ಕಟ್ಟಲು ಒಪ್ಪುತ್ತಿಲ್ಲ. ಇದು ತೆರಿಗೆಯಲ್ಲ, ಸೇವಾಶುಲ್ಕ ಎಂದು ಲಂಡನ್ ಸಾರಿಗೆ ಸಂಸ್ಥೆ ಪಟ್ಟು ಹಿಡಿದಿದೆ. 2024ರಲ್ಲಿ ಆ ಸಂಸ್ಥೆ ಪ್ರಕಟಿಸಿದ ಬಾಕಿದಾರರ ಪಟ್ಟಿಯಲ್ಲಿ ಅಮೆರಿಕ, ಜಪಾನ್ ಬಿಟ್ಟರೆ ಮೂರನೆಯ ಹೆಸರು ನಮ್ಮ ಭಾರತದ ಹೈಕಮಿಷನ್ನಿನದು. ಬಾಕಿ ಸುಮಾರು 85 ಲಕ್ಷ ಪೌಂಡ್. ಸೇವೆ ಎನ್ನುತ್ತೀರಾದರೆ ವ್ಯಾಟ್ ಎಲ್ಲಿ ಎಂದು ಯಾರಾದರೂ ಕೇಳಬಹುದು. ಸಾರ್ವಜನಿಕ ಅಧಿಕಾರದ ಚಲಾವಣೆ ಎಂಬುದೇ ಅದಕ್ಕೆ ಉತ್ತರ.

ಇನ್ನು ಗಿರಾಕಿಯ ಬಿಲ್ಲು. ಪ್ಲಂಬರ್ ನೂರು ಪೌಂಡ್ ಕೂಲಿಗೆ ಹದಿನೆಂಟು ಪೌಂಡ್ ಶುಲ್ಕ ಸೇರಿಸಿದರೆ ವ್ಯಾಟ್ ಹಾಕಬೇಕಾದದ್ದು 118ರ ಮೇಲೆ, ಅಂದರೆ 23.60 ಪೌಂಡ್. ‘ವ್ಯಾಟೇ ಇಲ್ಲದ ಖರ್ಚಿಗೆ ನನ್ನ ಹತ್ತಿರ ಏಕೆ ವ್ಯಾಟ್ ಕೇಳುತ್ತೀರಿ?’ ಎಂದು ಮನೆಯವರು ಮುನಿಸಿಕೊಳ್ಳುವುದು ಸಹಜ. ಆದರೆ ಆ ಶುಲ್ಕ ಕಟ್ಟುವ ಹೊಣೆ ಮನೆಯವರದಾಗಿರಲೇ ಇಲ್ಲ. ವ್ಯಾನು ಪ್ಲಂಬರನದು, ಹೊಣೆಯೂ ಅವನದೇ. ರೈಲು ಟಿಕೆಟ್ಟಿನಂತೆ ಅದು ಅವನ ಕೆಲಸದ ಖರ್ಚು. ಗಿರಾಕಿ ಕೊಡುವುದು ರಿಪೇರಿಯ ಬೆಲೆ. ಹಾಗಾದರೆ ವಾಹನಗಳ ವಾರ್ಷಿಕ ಎಂಒಟಿ ಪರೀಕ್ಷೆಯ ಶುಲ್ಕವನ್ನು ಗ್ಯಾರೇಜಿನವರು ವ್ಯಾಟ್ ಇಲ್ಲದೆ ಗಿರಾಕಿಗೆ ದಾಟಿಸುತ್ತಾರಲ್ಲ ಎಂಬ ಆಕ್ಷೇಪ ತೂಕದ್ದು. ಅಲ್ಲಿ ಪರೀಕ್ಷೆ ನಡೆಯುವುದು ಗಿರಾಕಿಯ ಕಾರಿಗೆ. ಬೇರೆ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿದ ಗ್ಯಾರೇಜು, ಕೊಟ್ಟಷ್ಟನ್ನೇ ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಿ ಪಡೆಯುತ್ತದೆ. ಪ್ಲಂಬರನ ವಿಷಯದಲ್ಲಿ ಈ ನಂಟಿಲ್ಲ. ಒಂದು ಮಾತು ಮಾತ್ರ ಒಪ್ಪಬೇಕು: ವ್ಯಾಟ್ ನೋಂದಣಿಯಿರುವ ಕಂಪನಿ ಗಿರಾಕಿಯಾದರೆ ಹೆಚ್ಚುವರಿ 3.60 ಪೌಂಡನ್ನು ಸಾಮಾನ್ಯವಾಗಿ ವಾಪಸು ಪಡೆಯುತ್ತದೆ, ಗೃಹಸ್ಥರು ಪಡೆಯಲಾರರು. ಭಾರ ಉಳಿಯುವುದು ಅವರ ಮೇಲೆಯೇ.

ನಮ್ಮ ಜಿಎಸ್‌ಟಿಯಲ್ಲೂ ರಸ್ತೆಯ ಟೋಲಿಗೆ ವಿನಾಯಿತಿ ಇದೆ. ಆದರೆ ಗಿರಾಕಿಯ ಪರವಾಗಿ ಬರೀ ಏಜೆಂಟನಂತೆ ಕಟ್ಟಿದ ಹಣಕ್ಕಷ್ಟೇ ಬಿಲ್ಲಿನಲ್ಲಿ ತೆರಿಗೆಯಿಂದ ಬಿಡುಗಡೆ. ಬ್ರಿಟನ್ನಿನಲ್ಲಿ ವರ್ಷದ ವಹಿವಾಟು 90,000 ಪೌಂಡ್ ದಾಟದೆ, ನೋಂದಣಿಯನ್ನೂ ಮಾಡಿಸದ ಸಣ್ಣ ವರ್ತಕರು ಬಿಲ್ಲಿಗೆ ವ್ಯಾಟ್ ಹಾಕುವಂತಿಲ್ಲ. ಗಿರಾಕಿಯಿಂದ ಪಡೆದ ದಟ್ಟಣೆ ಶುಲ್ಕವೂ ಆ ವಹಿವಾಟಿಗೇ ಸೇರುತ್ತದೆ. ನೋಂದಣಿ ಇರುವವರು 18 ಪೌಂಡಿನ ರಸೀದಿ ಹಿಡಿದು, ಅದರ ಆರನೆಯ ಒಂದು ಪಾಲು ವ್ಯಾಟ್ ಎಂದು ಮೂರು ಪೌಂಡ್ ವಾಪಸು ಕೇಳಬಾರದು. ಆ ರಸೀದಿಯಲ್ಲಿ ವ್ಯಾಟ್ ಇಲ್ಲವೇ ಇಲ್ಲ.