ಗೋಡೆ ಇಲ್ಲದ ಕೋಟೆ: ಅಪ್ಪ ಅಮ್ಮನನ್ನ ಮುಂಬೈ ಫೋರ್ಟಿಗೆ ಕರ್ಕೊಂಡು ಹೋಗೋದು ಹೇಗೆ?

ನಾನು ಕುಂದಾಪುರ ಕಡೆಯವನು. ಎಂಟೆಕ್ ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಅಂತ ಮುಂಬೈಗೆ ಬಂದು ಎಂಟು ವರ್ಷ ಆಯ್ತು. ಮನೆ ಮರೋಳದಲ್ಲಿ, ಆಫೀಸು ಸೀಪ್ಝ್ ಪಕ್ಕ. ಇವತ್ತು ನಾನು ಕೋಡ್ ಬಗ್ಗೆ ಮಾತಾಡಲ್ಲ. ಊರಿಂದ ಅಪ್ಪ ಅಮ್ಮ ಬಂದಾಗ ಅವರನ್ನ ಮುಂಬೈ ಫೋರ್ಟ್ ಪ್ರದೇಶಕ್ಕೆ ಹೇಗೆ ಕರ್ಕೊಂಡು ಹೋಗ್ಬೇಕು ಅನ್ನೋದರ ಬಗ್ಗೆ ಮಾತಾಡ್ತೀನಿ. ಯಾಕಂದ್ರೆ ನಾನು ಒಂದು ಸಲ ಅದನ್ನ ಪೂರ್ತಿ ಹಾಳು ಮಾಡಿದ್ದೀನಿ.

ನಮ್ಮ ಅಪ್ಪಯ್ಯ ಹದಿಮೂರನೇ ವಯಸ್ಸಿಗೆ ಮುಂಬೈಗೆ ಬಂದವರು, 1968ರಲ್ಲಿ. ಫೋರ್ಟಿನ ಒಂದು ಉಡುಪಿ ಹೋಟೆಲಲ್ಲಿ ಹಗಲು ಲೋಟ ತೊಳೆದು, ಆಫೀಸುಗಳಿಗೆ ಚಹಾ ಕೊಟ್ಟು, ರಾತ್ರಿ ಕನ್ನಡ ರಾತ್ರಿಶಾಲೆಗೆ ಹೋಗಿ ಓದಿದರು. ನಮ್ಮ ಕರಾವಳಿಯ ಸಾವಿರಾರು ಹುಡುಗರ ಕತೆ ಇದೇ. 1977ರಲ್ಲಿ ಊರಿಗೆ ವಾಪಸ್ ಹೋದವರು ಮತ್ತೆ ಮುಂಬೈ ನೋಡಿದ್ದು ನನಗೆ ಇಲ್ಲಿ ಕೆಲಸ ಸಿಕ್ಕ ಮೇಲೆ.

2023ರ ಮೇ ತಿಂಗಳು, ಒಂದು ಭಾನುವಾರ. ನಾನು ಎಕ್ಸೆಲ್ ಶೀಟ್ ಮಾಡಿದ್ದೆ. ಹದಿನಾಲ್ಕು ಜಾಗ, ಒಂದೊಂದಕ್ಕೆ ಇಪ್ಪತ್ತು ನಿಮಿಷ. ಮೆಗಾಬ್ಲಾಕ್ ಇದೆ ಅಂತ ನೋಡಿರಲಿಲ್ಲ, ಟ್ರೈನು ತಡ. ಇಳಿಯೋ ಹೊತ್ತಿಗೆ ಹನ್ನೊಂದೂವರೆ. ಭಾನುವಾರ ಆದ್ದರಿಂದ ಅರ್ಧಕ್ಕರ್ಧ ಹೋಟೆಲ್ ಬಾಗಿಲು ಹಾಕಿತ್ತು. ಆರನೇ ಜಾಗ ಟೌನ್ ಹಾಲ್. ಅದಕ್ಕೆ ಮೂವತ್ತು ಮೆಟ್ಟಿಲು. ಹತ್ತನೇ ಮೆಟ್ಟಿಲಿಗೆ ಅಪ್ಪಯ್ಯನಿಗೆ ತಲೆ ಸುತ್ತಿತು, ಅಲ್ಲೇ ಕೂತುಬಿಟ್ಟರು. ಯಾರೋ ಪುಣ್ಯಾತ್ಮರು ನೀರು ಕೊಟ್ಟರು. ಟ್ಯಾಕ್ಸಿ ಹಿಡಿದು ಮನೆಗೆ ಬಂದ್ವಿ. ರಾತ್ರಿ ಊಟಕ್ಕೆ ಕೂತಾಗ ಅವರು ಒಂದೇ ಮಾತು ಹೇಳಿದ್ದು: "ಎಲ್ಲ ಕಂಡಾಯ್ತ್ ಮಗ, ನಮ್ ಹೋಟ್ಲ್ ಇದ್ದ ಗಲ್ಲಿ ಒಂದ್ ಕಾಂಬುಕೆ ಆಯ್ಲ."

ನನ್ನ ಹದಿನಾಲ್ಕು ಜಾಗದ ಲಿಸ್ಟಲ್ಲಿ ಆ ಗಲ್ಲಿ ಇರಲೇ ಇಲ್ಲ. ನಾನು ಕೇಳಿರಲೂ ಇಲ್ಲ.

ಎರಡನೇ ಸಲ ಹೋಗೋಕೆ ಎರಡೂವರೆ ವರ್ಷ ಬೇಕಾಯ್ತು. ಅಷ್ಟರಲ್ಲಿ ಅವರ ಮಂಡಿ ಇನ್ನೂ ಕೆಟ್ಟಿತ್ತು. ಇದೇ ಕೊನೇ ಸಲ ಆಗಬಹುದು ಅಂತ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಹೇಳಲಿಲ್ಲ. ಈ ಸಲ ಸರಿಯಾಗಿ ಹೋದ್ವಿ. ಹೇಗೆ ಅಂತ ಹೇಳ್ತೀನಿ.

ಮೊದಲು, ಎಲ್ಲಿಗೆ ಹೋಗ್ತಿದ್ದೀವಿ ಅನ್ನೋದು ತಿಳಿದಿರಬೇಕು. ಫೋರ್ಟ್ ಅಂದ್ರೆ ಕೋಟೆ. ಆದ್ರೆ ಕೋಟೆ ಎಲ್ಲಿ? ನನ್ನ ಸಹೋದ್ಯೋಗಿ ಒಬ್ಬ ಆನ್‌ಸೈಟಿಗೆ ಫ್ರಾನ್ಸಿಗೆ ಹೋದವನು ಕಾರ್ಕಸೋನ್ ಫೋಟೋ ಕಳಿಸಿದ್ದ. ಎರಡು ಸುತ್ತಿನ ಗೋಡೆ, ಬುರುಜು, ಬಾಗಿಲು, ಎಲ್ಲ ಹಾಗೇ ಇದೆ. ಅಲ್ಲಿ 1853ರಿಂದ ಗೋಡೆಗಳ ರಿಪೇರಿ ಶುರು ಮಾಡಿದರು. ಹೆಚ್ಚುಕಮ್ಮಿ ಅದೇ ಕಾಲದಲ್ಲಿ, 1862ರ ನಂತರ, ಗವರ್ನರ್ ಬಾರ್ಟಲ್ ಫ್ರೇರ್ ಇಲ್ಲಿ ಬೊಂಬಾಯಿಯ ಗೋಡೆಯನ್ನ ಕೆಡವಿಸಿದ. ಊರು ಬೆಳೆದಿತ್ತು, ಹತ್ತಿ ವ್ಯಾಪಾರದ ದುಡ್ಡು ಸುರೀತಿತ್ತು, ಗೋಡೆ ಉಸಿರುಗಟ್ಟಿಸ್ತಿತ್ತು. ಅಮೆರಿಕದ ಅಂತರ್ಯುದ್ಧದ ಸಮಯ ಅದು. ನಮ್ಮ ಧಾರವಾಡ ಸೀಮೆಯ ಹತ್ತಿಯೂ ಈ ಬಂದರಿಗೆ ಬರ್ತಿತ್ತು.

ಅಂದ್ರೆ ನೀವು ನೋಡೋಕೆ ಹೋಗ್ತಿರೋದು ಕಾಣದ ಕೋಟೆ. ಆದ್ರೆ ಅದರ ಗುರುತು ಎಲ್ಲಾ ಕಡೆ ಇದೆ. ಮೂರು ಬಾಗಿಲು ನೆನಪಿಟ್ಕೊಳ್ಳಿ. ಉತ್ತರಕ್ಕೆ ಬಜಾರ್ ಗೇಟ್, ಈಗಿನ ಸಿಎಸ್‌ಎಂಟಿ ಮತ್ತು ಜಿಪಿಒ ಕಡೆ. ಪಶ್ಚಿಮಕ್ಕೆ ಚರ್ಚ್ ಗೇಟ್, ಈಗ ಫ್ಲೋರಾ ಫೌಂಟನ್ ಇರೋ ಜಾಗ. ದಕ್ಷಿಣಕ್ಕೆ ಅಪೊಲೊ ಗೇಟ್, ಈಗಿನ ನೌಕಾಪಡೆಯ ಲಯನ್ ಗೇಟ್ ಆಸುಪಾಸು. ದಿನಾ ಲೋಕಲ್ಲಲ್ಲಿ "ಚರ್ಚ್‌ಗೇಟ್ ಫಾಸ್ಟ್" ಅಂತ ಕೇಳ್ತೀವಲ್ಲ, ಆ ಬಾಗಿಲು ಬಿದ್ದು ನೂರ ಅರವತ್ತು ವರ್ಷ ಆಯ್ತು. ಬಾಗಿಲಿನೆದುರು ಇದ್ದ ಚರ್ಚು ಮಾತ್ರ ಇದೆ: ಸೇಂಟ್ ಥಾಮಸ್ ಕೆಥೆಡ್ರಲ್, 1718ರದ್ದು.

ಉತ್ತರದಿಂದ ದಕ್ಷಿಣಕ್ಕೆ ಹಳೇ ಊರಿನ ಉದ್ದ ಸುಮಾರು ಒಂದು ಮೈಲಿ, ಅಷ್ಟೇ. ಅದಕ್ಕೇ ನಡೆದು ನೋಡಬಹುದು ಅನ್ನೋದು. ಗೋಡೆಯ ಹೊರಗೆ ಶತ್ರು ಅಡಗಬಾರದು, ಫಿರಂಗಿಗೆ ಅಡ್ಡ ಬರಬಾರದು ಅಂತ ಬಯಲು ಬಿಟ್ಟಿದ್ದರು. ಆಜಾದ್ ಮೈದಾನ, ಓವಲ್ ಮೈದಾನ ಎಲ್ಲ ಆ ಬಯಲಿನ ತುಂಡುಗಳು. ನಿಮ್ಮ ಆಫೀಸಿನವರು ಭಾನುವಾರ ಕ್ರಿಕೆಟ್ ಆಡೋದು ಫಿರಂಗಿಯ ಗುರಿಯೊಳಗೆ. ಇನ್ನೊಂದು ಸಂಗತಿ: 1739ರಲ್ಲಿ ಮರಾಠರು ಪೋರ್ಚುಗೀಸರಿಂದ ವಸಯಿ ಕೋಟೆ ಗೆದ್ದಾಗ ಇಲ್ಲಿನವರಿಗೆ ಭಯ ಹತ್ತಿತು. ಗೋಡೆ ಸುತ್ತ ಕಂದಕ ತೋಡೋಕೆ ವರ್ತಕರೇ 30,000 ರೂಪಾಯಿ ಕೂಡಿಸಿ ಕೊಟ್ಟರು.

ಈಗ ಪ್ರಾಕ್ಟಿಕಲ್ ವಿಷಯ.

ದಿನ: ಶನಿವಾರ ಬೆಳಿಗ್ಗೆ ಒಳ್ಳೇದು. ಅಂಗಡಿ, ಹೋಟೆಲ್ ತೆರೆದಿರುತ್ತೆ, ಆಫೀಸಿನ ಗಲಾಟೆ ಕಮ್ಮಿ. ಭಾನುವಾರ ಬೆಳಿಗ್ಗೆ ರಸ್ತೆ ಖಾಲಿ, ಕಟ್ಟಡ ಚೆನ್ನಾಗಿ ಕಾಣುತ್ತೆ, ಫೋಟೋಗೆ ಚೆನ್ನ. ಆದ್ರೆ ಊಟಕ್ಕೆ ಪರದಾಟ, ಲೋಕಲ್ಲಲ್ಲಿ ಹೋಗೋದಾದ್ರೆ ಮೆಗಾಬ್ಲಾಕ್ ನೋಡ್ಕೊಳ್ಳಿ. ಡಿಸೆಂಬರ್, ಜನವರಿ ಬಿಟ್ಟು ಬೇರೆ ತಿಂಗಳಾದ್ರೆ ಹನ್ನೆರಡರಿಂದ ನಾಲ್ಕರವರೆಗೆ ವಯಸ್ಸಾದವರನ್ನ ಬಿಸಿಲಲ್ಲಿ ನಡೆಸಲೇಬೇಡಿ.

ಹೋಗೋದು: ವೆಸ್ಟರ್ನ್ ಲೈನಾದ್ರೆ ಚರ್ಚ್‌ಗೇಟ್, ಸೆಂಟ್ರಲ್ ಮತ್ತು ಹಾರ್ಬರ್ ಆದ್ರೆ ಸಿಎಸ್‌ಎಂಟಿ. ಆದ್ರೆ 2025ರ ಅಕ್ಟೋಬರಿನಿಂದ ಅಕ್ವಾ ಲೈನ್ ಮೆಟ್ರೊ ಕಫ್ ಪರೇಡ್‌ವರೆಗೆ ಪೂರ್ತಿ ಓಡ್ತಿದೆ. ಸೀಪ್ಝ್, ಮರೋಳ, ಬಿಕೆಸಿಯಲ್ಲಿ ಇರೋ ನಮ್ಮಂಥವರಿಗೆ ಇದು ವರ. ಸಿಎಸ್‌ಎಂಟಿ, ಹುತಾತ್ಮಾ ಚೌಕ್, ಚರ್ಚ್‌ಗೇಟ್, ಮೂರೂ ಅದರಲ್ಲಿ ಸ್ಟೇಷನ್‌ಗಳು. ಲಿಫ್ಟ್ ಇದೆ, ಎಸಿ ಇದೆ, ನೂಕುನುಗ್ಗಲಿಲ್ಲ. ಟಿಕೆಟ್ ಮಾತ್ರ ಮನೆಯಲ್ಲೇ ತೆಗೆದಿಟ್ಕೊಳ್ಳಿ, ನೆಲದಡಿಯಲ್ಲಿ ಮೊಬೈಲ್ ನೆಟ್‌ವರ್ಕ್ ನಂಬ್ಬೇಡಿ.

ಒಳಗೆ ಓಡಾಟ: ಇಲ್ಲಿ ಆಟೊ ಇಲ್ಲ. ಬಾಂದ್ರಾ, ಸಯಾನ್ ದಾಟಿ ದಕ್ಷಿಣಕ್ಕೆ ಆಟೊ ಬರಂಗಿಲ್ಲ. ಹೊಸದಾಗಿ ಬಂದವರು ಆಟೊ ಹುಡುಕ್ತಾ ನಿಂತಿರ್ತಾರೆ. ಕಾಲಿಪೀಲಿ ಟ್ಯಾಕ್ಸಿ ಇದೆ, ಬೆಸ್ಟ್ ಬಸ್ ಇದೆ. ನಡೆಯೋದಾದ್ರೆ ಡಿ.ಎನ್. ರಸ್ತೆಯ ಕಮಾನುಗಳ ಕೆಳಗೆ ನಡೀರಿ, ಬಿಸಿಲೂ ಮಳೆಯೂ ತಾಗಲ್ಲ. ಸಿಎಸ್‌ಎಂಟಿ ಎದುರು ರಸ್ತೆ ದಾಟೋ ಸಬ್‌ವೇಗೆ ಮೆಟ್ಟಿಲಿದೆ, ಮಂಡಿನೋವಿನವರಿಗೆ ಕಷ್ಟ. ಅದನ್ನ ಒಂದೇ ಸಲ ದಾಟೋ ಹಾಗೆ ದಾರಿ ಹಾಕ್ಕೊಳ್ಳಿ.

ರಸ್ತೆ ಹೆಸರು: ಇದು ನನಗೆ ಕೈಕೊಟ್ಟ ವಿಷಯ. ಹಳಬರು ಹೇಳೋ ಹೆಸರು ಮ್ಯಾಪಲ್ಲಿ ಸಿಗಲ್ಲ. ಹಾರ್ನ್‌ಬಿ ರೋಡ್ ಅಂದ್ರೆ ಡಿ.ಎನ್. ರಸ್ತೆ. ಬಜಾರ್ ಗೇಟ್ ಸ್ಟ್ರೀಟ್ ಅಂದ್ರೆ ಪೆರಿನ್ ನರಿಮನ್ ಸ್ಟ್ರೀಟ್. ಗನ್‌ಬೋ ಸ್ಟ್ರೀಟ್ ಅಂದ್ರೆ ರುಸ್ತಂ ಸಿಧ್ವಾ ಮಾರ್ಗ. ಅಪೊಲೊ ಸ್ಟ್ರೀಟ್ ಅಂದ್ರೆ ಮುಂಬೈ ಸಮಾಚಾರ್ ಮಾರ್ಗ. ರ‍್ಯಾಂಪಾರ್ಟ್ ರೋ ಅಂದ್ರೆ ಕೆ. ದುಭಾಷ್ ಮಾರ್ಗ, ಕೋಟೆಗೋಡೆಯ ನೆನಪಿಗೆ ಉಳಿದಿದ್ದ ಹೆಸರು ಅದು. ಹೊರಡೋ ಮುಂಚೆ ಹಳೇ ಹೊಸ ಹೆಸರು ಒಂದು ಚೀಟಿಯಲ್ಲಿ ಬರ್ಕೊಳ್ಳಿ.

ಎಲ್ಲಿ ಬಿಡಲ್ಲ: ನೌಕಾಪಡೆಯ ಒಳಗಿರೋ ಬಾಂಬೆ ಕ್ಯಾಸಲ್ ನಮಗೆ ಬಿಡಲ್ಲ, ಆ ಗೋಡೆ ಹತ್ತಿರ ಕ್ಯಾಮರಾ ತೆಗೀಬೇಡಿ. ಪಾರ್ಸಿ ಅಗಿಯಾರಿಗಳಿಗೆ ಪಾರ್ಸಿಗಳಿಗೆ ಮಾತ್ರ ಪ್ರವೇಶ, ಹೊರಗಿಂದಲೇ ನೋಡಿ. ಕಾಲಾ ಘೋಡಾದ ನೀಲಿ ಸಿನಗಾಗ್, 1884ರದ್ದು, ಅಲ್ಲಿಗೆ ಗುರುತಿನ ಚೀಟಿ ಬೇಕು. ಯೂನಿವರ್ಸಿಟಿಯ ರಾಜಾಬಾಯಿ ಗಡಿಯಾರ ಗೋಪುರ ಓವಲ್ ಮೈದಾನದಿಂದಲೇ ಚೆನ್ನಾಗಿ ಕಾಣುತ್ತೆ, ಸಂಜೆ ಹೊತ್ತು. ಗೋಡೆಯ ತುಂಡು ನೋಡಲೇಬೇಕು ಅಂದ್ರೆ ಸಿಎಸ್‌ಎಂಟಿ ಹಿಂದೆ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಫೋರ್ಟ್ ಜಾರ್ಜ್‌ನ ಉಳಿಕೆ ಇದೆ. ಅದು ಆಸ್ಪತ್ರೆ, ಹೋಗಿ ಗಲಾಟೆ ಮಾಡ್ಬೇಡಿ.

ಇಷ್ಟೆಲ್ಲ ತಿಳ್ಕೊಂಡು 2025ರ ಡಿಸೆಂಬರಿನ ಒಂದು ಶನಿವಾರ ಹೊರಟ್ವಿ. ಈ ಸಲ ಲಿಸ್ಟಲ್ಲಿ ನಾಲ್ಕೇ ಜಾಗ. ಮೊದಲನೇದು ಅಪ್ಪಯ್ಯ ಹೇಳಿದ್ದು. ಕಾಲಲ್ಲಿ ಶಕ್ತಿ ಇರೋವಾಗಲೇ ಅವರಿಗೆ ಬೇಕಾದ್ದನ್ನ ನೋಡ್ಬಿಡ್ಬೇಕು, ನಮಗೆ ಬೇಕಾದ್ದು ಆಮೇಲೆ.

ಸಿಎಸ್‌ಎಂಟಿ ಮೆಟ್ರೊ ಇಳಿದು ಜಿಪಿಒ ಎದುರು ನಿಂತ್ವಿ. 1913ರ ಕಟ್ಟಡ. ಅದರ ಗುಮ್ಮಟಕ್ಕೆ ಮಾದರಿ ನಮ್ಮ ವಿಜಯಪುರದ ಗೋಲಗುಮ್ಮಟ. ನಾನು ಅದನ್ನ ದೊಡ್ಡದಾಗಿ ವಿವರಿಸೋಕೆ ಹೊರಟರೆ ಅಪ್ಪಯ್ಯ ಅಂದರು, ಇಲ್ಲಿಂದಲೇ ಅಜ್ಜಿಗೆ ಮನಿಯಾರ್ಡರ್ ಕಳಿಸ್ತಿದ್ದದ್ದು, ಪ್ರತಿ ತಿಂಗಳು. ಆ ಗುಮ್ಮಟದ ಕೆಳಗೆ ಕ್ಯೂ ನಿಂತ ಹುಡುಗನಿಗೆ ಅದು ಎಲ್ಲಿಯ ನಕಲು ಅಂತ ಯಾರೂ ಹೇಳಿರಲಿಲ್ಲ. ಒಳಗೆ ಹೋಗಿ ಸ್ವಲ್ಪ ಹೊತ್ತು ತಲೆ ಎತ್ತಿ ನೋಡಿದರು.

ಆಮೇಲೆ ಬೋರಾ ಬಜಾರ್ ಕಡೆ. ಮ್ಯಾಪ್ ಜೇಬಲ್ಲಿಟ್ಟೆ. ಅವರೇ ಮುಂದೆ, ನಾನು ಹಿಂದೆ. ಎರಡು ಗಲ್ಲಿ ತಪ್ಪಾಯ್ತು. ಮೂರನೇದರಲ್ಲಿ ನಿಂತರು. "ಇಲ್ಲೇ ಮಗ." ಹೋಟೆಲ್ ಇಲ್ಲ. ಅಲ್ಲಿ ಈಗ ಕಾಗದದ ಅಂಗಡಿ, ಲೆಡ್ಜರ್, ಫೈಲು, ಕವರು. ಆದ್ರೆ ಪಕ್ಕದ ಮರದ ಮೆಟ್ಟಿಲು ಹಾಗೇ ಇತ್ತು. ಆ ಮೆಟ್ಟಿಲ ಕೆಳಗೆ ಒಂಬತ್ತು ವರ್ಷ ಮಲಗಿದ್ದು ಅಂದರು. ಅಂಗಡಿಯ ಗುಜರಾತಿ ಅಂಕಲ್ ವಿಷಯ ಕೇಳಿ ಒಂದು ಸ್ಟೂಲ್ ಹಾಕಿದರು, ಚಹಾ ತರಿಸಿದರು. ಚಹಾ ತಂದವನು ಹದಿನೇಳೋ ಹದಿನೆಂಟೋ ವಯಸ್ಸಿನ ಹುಡುಗ, ಬಿಹಾರದವನು. ಅಪ್ಪಯ್ಯ ಅವನ ಹತ್ತಿರ ಹಿಂದಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಓದ್ತಿದ್ದೀಯಾ ಅಂತ. ಅವನು ನಕ್ಕು ಹೋದ.

ಅಲ್ಲಿಂದ ಟ್ಯಾಕ್ಸಿಯಲ್ಲಿ ಹಾರ್ನಿಮನ್ ಸರ್ಕಲ್. ಅಪ್ಪಯ್ಯ ಅಲ್ಲಿನ ಆಫೀಸುಗಳ ಹಿಂದಿನ ಮೆಟ್ಟಿಲು ಎಲ್ಲ ತೋರಿಸಿದರು. ಮುಂಬಾಗಿಲು ನನಗೆ ಗೊತ್ತು, ಹಿಂಬಾಗಿಲು ಅವರಿಗೆ. ನಡುವಿನ ತೋಟದ ಬೆಂಚಲ್ಲಿ ಕೂತ್ವಿ. "ಆಗ ಇಲ್ಲ್ ಕೂಕಂಬುಕೆ ಪುರ್ಸೊತ್ತೇ ಇರ್ಲಿಲ್ಲೆ" ಅಂದರು. ಎದುರಿಗೆ ಟೌನ್ ಹಾಲಿನ ಆ ಮೂವತ್ತು ಮೆಟ್ಟಿಲು. ಈ ಸಲ ಹತ್ತಲಿಲ್ಲ, ನೋಡಿದ್ವಿ ಅಷ್ಟೇ.

ಊಟ ಅಲ್ಲೇ ಹತ್ತಿರ. ಫೋರ್ಟಿನಲ್ಲಿ ಮಹೇಶ್ ಲಂಚ್ ಹೋಮ್, ಅಪೂರ್ವ ಇಂಥ ನಮ್ಮ ಕರಾವಳಿ ಅಡುಗೆಯ ಹೋಟೆಲುಗಳಿವೆ. ಮೀನು ತಿನ್ನದವರಿಗೆ ಇಡ್ಲಿ ವಡೆಯ ಹೋಟೆಲುಗಳೂ ಇವೆ. ಒಂದು ಗಂಟೆಗೆ ಮುಂಚೆ ಹೋಗಿ, ಆಮೇಲೆ ಆಫೀಸಿನವರ ಕ್ಯೂ. ಗಲ್ಲೆಯಲ್ಲಿ ಕೂತವರ ಹತ್ತಿರ ತುಳುವಲ್ಲೋ ಕನ್ನಡದಲ್ಲೋ ಒಂದು ಮಾತಾಡಿ ನೋಡಿ, ಉತ್ತರ ಬರೋ ಸಾಧ್ಯತೆ ಹೆಚ್ಚು. ಮಧ್ಯಾಹ್ನದ ಬಿಸಿಲಿಗೆ ಮ್ಯೂಸಿಯಂ ಒಳಗೆ ಇದ್ದುಬಿಡಿ, ಟಾಯ್ಲೆಟ್ ಕೂಡ ಚೆನ್ನಾಗಿದೆ. ಸಂಜೆ ಓವಲ್ ಮೈದಾನದಲ್ಲಿ ಕೂತು, ಚರ್ಚ್‌ಗೇಟಿಂದ ಮೆಟ್ರೊ ಹಿಡಿದು ಐದು ಗಂಟೆಯೊಳಗೆ ಹೊರಟ್ವಿ. ಇನ್ನೂ ತಡ ಆದ್ರೆ ಮನೆಗೆ ಹೋಗೋರ ರಷ್ ಸಿಗುತ್ತೆ.

ಕೊನೆಗೆ ಒಂದೇ ವಿನಂತಿ. ನಿಮ್ಮ ಅಪ್ಪ, ಮಾವ, ದೊಡ್ಡಪ್ಪ ಯಾರಾದರೂ ಹಿಂದೆ ಮುಂಬೈಯಲ್ಲಿ ಇದ್ದವರಾದ್ರೆ, ಟಿಕೆಟ್ ಬುಕ್ ಮಾಡೋ ಮುಂಚೆ ಒಂದು ಫೋನ್ ಮಾಡಿ, ಎಲ್ಲಿಗೆ ಹೋಗ್ಬೇಕು ಅಂತ ಕೇಳಿ. ಅವರು ಹೇಳೋ ರಸ್ತೆಯ ಹೆಸರು ಬರ್ಕೊಳ್ಳಿ. ಆ ಗಲ್ಲಿ ಮ್ಯಾಪಲ್ಲಿ ಸಿಗದಿದ್ದರೂ ಚಿಂತೆ ಇಲ್ಲ, ದಾರಿ ಅವರಿಗೆ ಗೊತ್ತಿರುತ್ತೆ.

ನಿಮ್ಮ ಮನೆಯವರು ಫೋರ್ಟಿನಲ್ಲಿ ಯಾವ ಗಲ್ಲಿಯಲ್ಲಿದ್ದರು ಅಂತ ನಮಗೂ ಬರೆದು ತಿಳಿಸಿ.