ಹಲ್ಲಿನ ಸಾಲು, ಹಲ್ಲಿನ ಬಣ್ಣ

ಸಂಸ್ಕೃತದಲ್ಲಿ ಹಲ್ಲಿಗೆ ‘ದ್ವಿಜ’ ಎಂಬ ಹೆಸರೂ ಉಂಟು. ಎರಡು ಸಲ ಹುಟ್ಟುವುದರಿಂದ ಈ ಹೆಸರು. ಮೊದಲಿನವು ೨೦ ಹಾಲುಹಲ್ಲುಗಳು. ಬಳಿಕ ಬಂದು ನಿಲ್ಲುವ ಶಾಶ್ವತ ಹಲ್ಲುಗಳು, ದವಡೆಯವೂ ಸೇರಿ, ೩೨. ಮೂರನೆಯ ಹುಟ್ಟು ಹಲ್ಲಿಗಿಲ್ಲ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಮಾತು ಸುಲಭ.

ಶ್ರೋತೃಗಳೇ, ಹಲ್ಲು ಸಾಲು ತಪ್ಪಿದ್ದರೆ ತಂತಿ ಕಟ್ಟಿಸಬೇಕೇ ಎಂದು ನೀವು ಕೇಳಬಹುದು. ಹಲ್ಲು ಗೋಡೆಗೆ ಹೊಡೆದ ಮೊಳೆಯಲ್ಲ. ತಂತಿಯ ಮೆಲ್ಲನೆಯ ಒತ್ತಡಕ್ಕೆ ಅದರ ಮುಂದಿನ ಮೂಳೆ ಕರಗುತ್ತದೆ, ಹಿಂದೆ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ; ಹಾಗೆ ಹಲ್ಲು ಸರಿಯುತ್ತದೆ. ಇದಕ್ಕೆ ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ ಹಿಡಿಯುತ್ತದೆ. ಮಗುವಿಗೆ ೭ ವರ್ಷವಾದಾಗ ಒಮ್ಮೆ ತೋರಿಸುವುದು ಲೇಸು. ದೊಡ್ಡವರಿಗೂ ಚಿಕಿತ್ಸೆ ಉಂಟು. ತಂತಿ ತೆಗೆದ ಮೇಲೆ ವೈದ್ಯರು ಕೊಡುವ ರಿಟೇನರನ್ನು ಪೆಟ್ಟಿಗೆಯಲ್ಲಿಟ್ಟರೆ ಹಲ್ಲು ಹಳೆಯ ಜಾಗವನ್ನು ಹುಡುಕಿಕೊಂಡು ಹೊರಡುತ್ತದೆ.

ಈ ಕೆಲಸಕ್ಕೆ ಆರ್ಥೊಡಾಂಟಿಸ್ಟ್ ಎಂಬ ತಜ್ಞರಿದ್ದಾರೆ. ಖರ್ಚಿಗೆ ಅಂಜುವವರು ದಂತವೈದ್ಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಬೇಕು. ಅಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ. ಬೆಂಗಳೂರಿನ ಸರ್ಕಾರಿ ಕಾಲೇಜು ೧೯೫೮ರಲ್ಲಿ ಆರಂಭವಾದದ್ದು. ಮೈಸೂರು, ಮಂಗಳೂರು, ದಾವಣಗೆರೆ, ಧಾರವಾಡ, ಬೆಳಗಾವಿ, ಕಲಬುರಗಿಗಳಲ್ಲಿಯೂ ದಂತವೈದ್ಯ ಕಾಲೇಜುಗಳಿವೆ.

ಇನ್ನು ಬಣ್ಣದ ಮಾತು. ಹಲ್ಲು ಮಲ್ಲಿಗೆಯ ಮೊಗ್ಗಿನಂತಿರಬೇಕೆಂಬುದು ಕವಿಗಳ ಆಸೆ. ಎನಾಮಲ್ ಎಂಬ ಹೊರಪದರದ ಕೆಳಗಿನ ಪದರವೇ ತುಸು ಹಳದಿ. ಆದುದರಿಂದ ಆರೋಗ್ಯವಾದ ಹಲ್ಲೂ ಸ್ವಲ್ಪ ಹಳದಿಯಾಗಿರಬಹುದು. ಇದ್ದಿಲು, ಇಟ್ಟಿಗೆಪುಡಿಗಳಿಂದ ತಿಕ್ಕಿದರೆ ಹೊರಪದರ ಸವೆಯುತ್ತದೆ. ನಿಂಬೆರಸದ ಹುಳಿಯೂ ಅದನ್ನು ಕರಗಿಸುತ್ತದೆ. ಸವೆದಷ್ಟೂ ಹಳದಿ ಹೆಚ್ಚು! ಚಹಾ, ಹೊಗೆಸೊಪ್ಪುಗಳ ಹೊರಗಿನ ಕಲೆ ವೈದ್ಯರು ಶುಚಿಮಾಡಿದರೆ ಬಹುಮಟ್ಟಿಗೆ ಹೋಗುತ್ತದೆ. ಪೆರಾಕ್ಸೈಡಿನಿಂದ ಬಿಳುಪು ಮಾಡುವ ಕ್ರಮವೂ ಉಂಟು. ಅದರಿಂದ ಕೆಲವು ದಿನ ಹಲ್ಲು ಜುಮ್ಮೆನ್ನಬಹುದು. ಕಟ್ಟಿಸಿದ ಹಲ್ಲಿನ ಬಣ್ಣ ಬದಲಾಗದು. ಹುಳುಕಿದ್ದರೆ ಮೊದಲು ಅದನ್ನು ಸರಿಪಡಿಸಬೇಕು.

ಆದರೆ ತಿಕ್ಕಿದರೆ ಹೋಗದ ಕಲೆಯೊಂದಿದೆ. ಪಾವಗಡ, ಮುಂಡರಗಿ, ಕೋಲಾರದ ಕಡೆಯ ಎಷ್ಟೋ ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ೧ ಮಿಲಿಗ್ರಾಮ್ ಮೀರಬಾರದು, ಬೇರೆ ನೀರೇ ಇಲ್ಲದ ಕಡೆ ೧.೫ ಎಂಬುದು ನಮ್ಮ ದೇಶದ ಮಾನಕ. ಹಲ್ಲು ಇನ್ನೂ ವಸಡಿನೊಳಗೆ ಬೆಳೆಯುತ್ತಿರುವಾಗಲೇ, ಸುಮಾರು ೮ ವರ್ಷದೊಳಗೆ, ಈ ನೀರು ಎನಾಮಲ್ಲನ್ನು ಕೆಡಿಸುತ್ತದೆ. ಅಂಥ ಮಕ್ಕಳನ್ನು ತರಗತಿಯಲ್ಲಿ ಕಂಡಿದ್ದೇನೆ. ಪಾಠ ಓದು ಎಂದರೆ ಕೈ ಬಾಯಿಗೆ ಹೋಗುತ್ತದೆ; ಉತ್ತರ ಗೊತ್ತಿದ್ದೂ ಎದ್ದು ನಿಲ್ಲುವುದಿಲ್ಲ. ಸಹಪಾಠಿಗಳು ‘ಹಲ್ಲುಜ್ಜುವುದಿಲ್ಲವೇ’ ಎಂದು ನಗುತ್ತಾರೆ. ಉಜ್ಜದ ದೋಷ ಅದಲ್ಲ, ಊರಿನ ನೀರಿನ ದೋಷ.

ಈ ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಂತೆ ಅದರ ಸಾಂದ್ರತೆಯೇ ಏರುತ್ತದೆ. ನೀರನ್ನು ಪರೀಕ್ಷೆ ಮಾಡಿಸಿ, ಕುಡಿಯಲೂ ಅಡಿಗೆಗೂ ಶುದ್ಧೀಕರಣ ಘಟಕದ ನೀರನ್ನೋ ಶುಚಿಯಾಗಿ ಹಿಡಿದ ಮಳೆನೀರನ್ನೋ ಬಳಸಬೇಕು. ಮೂಡಿದ ಕಲೆಯನ್ನು ದಂತವೈದ್ಯರು ಎಷ್ಟೋ ಮಟ್ಟಿಗೆ ಮರೆಮಾಡಬಲ್ಲರು; ಮೂಡದಂತೆ ತಡೆಯುವುದು ಮನೆಯವರ, ಊರಿನವರ ಕೆಲಸ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ನಮಗೆಲ್ಲ ಗೊತ್ತು. ನಗುವ ವಯಸ್ಸಿನಲ್ಲಿ ನಗಲಾರದ ಮಕ್ಕಳ ಕಷ್ಟಕ್ಕೆ ಆ ಗಾದೆಯೂ ಸಾಲದು. ನಿಮ್ಮ ಮಗುವಿನ ಬಾಯನ್ನು ಇಂದೇ ಬೆಳಕಿನಲ್ಲಿ ಒಮ್ಮೆ ನೋಡಿ. ಆಮೇಲೆ ಕೊಡದಲ್ಲಿರುವ ನೀರನ್ನೂ ವಿಚಾರಿಸಿ.